ಕಾಯುವವರ ಪಟ್ಟಿಯಲ್ಲಿ ಬ್ರೇಕ್ ಮೇಷ್ಟ್ರು

ನನ್ನ ದನಿ ಕೇಳಿದರೆ ನನಗೇ ವಾಕರಿಕೆ ಬರುತ್ತದೆ. ಆದರೆ ಸಂಬಳ ಕೊಡುವುದು ಆ ದನಿಗೇ. ಕಾರು ಮಾರುವ ಶೋರೂಮಿನಲ್ಲಿ ಗಾಜಿನ ಗೋಡೆಗೂ ಕಾಫಿ ಮಷೀನಿಗೂ ನಡುವೆ ಒಂದು ಮೇಜು, ಒಂದು ಫೋನು, ಒಂದು ಚಕ್ರ ಮುರಿದ ಕುರ್ಚಿ, ಅದರ ಮೇಲೆ ವಾಲಿಕೊಂಡು ನಾನು. ಮೇಜಿನ ಮೇಲೆ ‘ಡೆಲಿವರಿ’ ಅಂತ ಬೋರ್ಡಿದೆ. ಡೆಲಿವರಿ ಯಾಕೆ ಆಗಲಿಲ್ಲ ಅಂತ ಹೇಳುವುದೇ ಅಲ್ಲಿ ನನ್ನ ಕೆಲಸ. “ಗಾಡಿ ದಾರಿಯಲ್ಲಿದೆ ಸಾರ್.” “ಮುಂದಿನ ವಾರ ಖಂಡಿತ ಮೇಡಂ.” ದಿನವಿಡೀ ಹೀಗೆ ಕಂಡವರ ಮೂಗಿಗೆಲ್ಲ ತುಪ್ಪ ಸವರಿ ಮನೆಗೆ ಹೋದರೆ, ಸೋಪು ಹಾಕಿ ತೊಳೆದರೂ ಕೈ ಜಿಡ್ಡುಜಿಡ್ಡು. ಊಟಕ್ಕೆ ಕೂತಾಗ ಉಪ್ಪು ಕೊಡ್ಲಾ ಅಂತ ಕೇಳಿದರೆ ಅಕ್ಕ, “ಆಫೀಸ್ ದನಿ ಬೇಡ ಕಣೋ. ಕೈಗೆ ಬಂದ ಮೇಲೆ ನಂಬ್ತೀನಿ” ಅನ್ನುತ್ತಾಳೆ.

ಹಾಗೆ ತುಪ್ಪ ಸವರಿಸಿಕೊಂಡವರಲ್ಲಿ ಬ್ರೇಕ್ ಮೇಷ್ಟ್ರೂ ಒಬ್ಬರು.

ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಕಲಿಸುವವರ ಕಾಲ ಬುಡದಲ್ಲೂ ಒಂದು ಬ್ರೇಕ್ ಇರುತ್ತದಲ್ಲ, ಅದರ ಮೇಲೆ ಕಾಲಿಟ್ಟುಕೊಂಡು ಮೂವತ್ತೊಂದು ವರ್ಷ ಪಕ್ಕದ ಸೀಟಿನಲ್ಲಿ ಕೂತವರು ಅವರು. ಊರಿನ ಅರ್ಧ ಜನಕ್ಕೆ ಸ್ಟಿಯರಿಂಗ್ ಹಿಡಿಯಲು ಕಲಿಸಿದ್ದು ಅವರೇ. ದನಿ ಎತ್ತರಿಸಿದ್ದನ್ನು ಯಾರೂ ಕೇಳಿಲ್ಲ. ನಮ್ಮಕ್ಕ ಕಲಿಯುವಾಗ ಗಾಡಿಯನ್ನು ಔಷಧಿ ಅಂಗಡಿಯ ಮೆಟ್ಟಿಲು ಹತ್ತಿಸಿಬಿಟ್ಟಿದ್ದಳಂತೆ. ಒಳಗಿದ್ದವರೆಲ್ಲ ಓಡಿಬಂದರಂತೆ. ಮೇಷ್ಟ್ರು ಮಾತ್ರ ಕನ್ನಡಕ ಸರಿಮಾಡಿಕೊಂಡು, “ಒಳ್ಳೇದಾಯ್ತು. ಈಗ ರಿವರ್ಸ್ ಕಲಿಯೋಣ” ಅಂದರಂತೆ.

ಕೆಲಸ ಬಿಟ್ಟ ಮೇಲೆ ಅವರು ನಮ್ಮಲ್ಲಿಗೆ ಬಂದು ಬೂದು ಬಣ್ಣದ ಒಂದು ಚಿಕ್ಕ ಕಾರು ಬುಕ್ ಮಾಡಿದರು. ಫಾರಂ ತುಂಬಿಸುತ್ತಾ, ಈ ವಯಸ್ಸಿನಲ್ಲಿ ಯಾಕೆ ಮೇಷ್ಟ್ರೇ ಅಂತ ನನ್ನ ಹಾಳು ಬಾಯಿ ಕೇಳಿಬಿಟ್ಟಿತು.

“ಮೂವತ್ತೊಂದು ವರ್ಷದಲ್ಲಿ ನಾನು ಒಬ್ನೇ ಗಾಡಿ ಓಡಿಸಿದ್ದು ಎಷ್ಟು ಅಂದ್ಕೊಂಡಿದ್ದೀಯಪ್ಪ? ಸ್ಕೂಲಿಂದ ಗ್ಯಾರೇಜಿಗೆ, ಗ್ಯಾರೇಜಿಂದ ಸ್ಕೂಲಿಗೆ. ಸ್ವಂತ ಗಾಡೀಲಿ, ಯಾರಿಗೂ ಏನೂ ಹೇಳ್ಕೊಡದೆ, ಸುಮ್ನೆ ಹೋಗ್ಬೇಕು ಅಂತ ಆಸೆ. ಕಣ್ಣಿನ ಅಂಚು ಮಸುಕಾಗ್ತಾ ಇದೆ. ಸದ್ಯಕ್ಕೆ ಹಗಲಲ್ಲಿ ಓಡಿಸ್ಬಹುದು, ಆದ್ರೆ ಲೈಸೆನ್ಸ್ ಮುಗಿದ ಮೇಲೆ ಕಣ್ಣಿನ ಪರೀಕ್ಷೇಲಿ ಪಾಸಾಗಲ್ಲ ಅಂದ್ರು ಡಾಕ್ಟ್ರು. ಇನ್ನೂ ಐದು ತಿಂಗಳಿದೆ.”

“ಐದು ತಿಂಗಳು ಯಾಕೆ ಮೇಷ್ಟ್ರೇ, ಆರು ವಾರದಲ್ಲಿ ಗಾಡಿ ನಿಮ್ಮ ಮನೆ ಮುಂದೆ ಇರುತ್ತೆ.”

ನಮ್ಮ ಕಂಪ್ಯೂಟರಿನಲ್ಲಿ ಪ್ರತಿ ಗಿರಾಕಿಗೂ ಒಂದು ಸಾಲು. ಸಾಲಿನ ಕೊನೆಯ ಮನೆ ‘ಷರಾ’. ಅದನ್ನು ಯಾರು ಓದುತ್ತಾರೆ, ಯಾಕೆ ಓದುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಅವತ್ತು ಪ್ರೀತಿ ಉಕ್ಕಿಬಂದು, “ಒಳ್ಳೆ ಮನುಷ್ಯ. ಕಾಯುತ್ತಾರೆ” ಅಂತ ಬರೆದೆ. ಬರೆದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆರು ವಾರ ಕಳೆಯಿತು. ಹತ್ತಾಯಿತು, ಹದಿನಾಲ್ಕಾಯಿತು. ಮೇಷ್ಟ್ರು ಪ್ರತಿ ಸೋಮವಾರ ಬಸ್ಸಿನಲ್ಲಿ ಬಂದು, ಸೋಫಾದ ತುದಿಯಲ್ಲಿ ಕೂತು, ನಮ್ಮ ಮಷೀನಿನ ಕಾಫಿಯನ್ನು ಮುಖ ಹಿಂಡದೆ ಕುಡಿಯುತ್ತಿದ್ದರು. ಅದನ್ನು ಹಾಗೆ ಕುಡಿದವರು ಇನ್ನೊಬ್ಬರಿಲ್ಲ. ನಾನು ವಾರಕ್ಕೊಂದು ಕಾರಣ ಹೊಸೆಯುತ್ತಿದ್ದೆ. ಬಣ್ಣ ಬಂದಿಲ್ಲ, ಲಾರಿ ಕೆಟ್ಟಿದೆ. ಒಂದು ಸೋಮವಾರ ಚಿಪ್ ಸಿಗುತ್ತಿಲ್ಲ ಅಂದೆ.

“ಚಿಪ್ ಅಂದ್ರೆ?”

“ಒಂದು ಚಿಕ್ಕ ಭಾಗ ಮೇಷ್ಟ್ರೇ. ಅದಿಲ್ದಿದ್ರೆ ಗಾಡಿ ಓಡಲ್ಲ.”

“ನಮ್ಮ ಹಳೇ ಗಾಡಿಗಳಿಗೆ ಈ ವಿಷ್ಯ ಯಾರೂ ಹೇಳಿರ್ಲಿಲ್ಲ ಅನ್ಸುತ್ತೆ. ಪಾಪ, ಓಡ್ತಾನೇ ಇದ್ವು.”

ಇನ್ನೊಂದು ಸೋಮವಾರ ಅವರ ಕಣ್ಣೆದುರೇ, ರಿಬ್ಬನ್ ಕಟ್ಟಿದ ಬೂದು ಕಾರೊಂದು ಹೊರಗೆ ಹೋಯಿತು. “ಅದು ನಂದೇ ಥರದ್ದಲ್ವೇನಪ್ಪ?” ಅಂದರು. ನಾನು ಕಣ್ಣು ಮಿಟುಕಿಸದೆ, “ಅದು ಬೇರೆ ಮಾಡೆಲ್” ಅಂದೆ. ಎರಡು ಬೀದಿ ಆಚೆಯಿಂದ ಇಂಜಿನ್ ಸದ್ದು ಕೇಳಿ ಗಾಡಿ ಯಾವುದು ಅಂತ ಹೇಳುವ ಮನುಷ್ಯನಿಗೆ. ಅವರು ನನ್ನನ್ನೊಮ್ಮೆ ನೋಡಿ “ಹೌದಾ” ಅಂದರು. ಆ ‘ಹೌದಾ’ ಊಟದಲ್ಲಿ ಸಿಕ್ಕ ಕೂದಲಿನ ಹಾಗೆ ನನ್ನ ಗಂಟಲಲ್ಲಿ ಉಳಿಯಿತು.

ಬಂದ ಗಾಡಿಗಳನ್ನು ಯಾರಿಗೆ ಕೊಡುವುದು ಅಂತ ಶನಿವಾರ ಬೆಳಿಗ್ಗೆ ಮ್ಯಾನೇಜರ್ ಕೋಣೆಯಲ್ಲಿ ತೀರ್ಮಾನವಾಗುತ್ತದೆ. ನಮ್ಮ ಮ್ಯಾನೇಜರ್ ಸದಾ ಹಲ್ಲು ಕಾಣಿಸುವವನು, ಹಲ್ಲು ತೋರಿಸಿಕೊಂಡೇ ಜನರನ್ನು ಕೆಲಸದಿಂದ ತೆಗೆಯುವವನು. ಪಟ್ಟಿ ಓದುವವರು ರಜೆ ಹಾಕಿದ್ದರಿಂದ ಒಂದು ಶನಿವಾರ ನನ್ನನ್ನು ಕರೆದ. ನಾನು ಬುಕ್ಕಿಂಗ್ ತಾರೀಖಿನಿಂದ ಶುರುಮಾಡಿದೆ.

“ತಾರೀಖು ಯಾರಿಗೆ ಬೇಕು? ಷರಾ ಓದು.”

“ವಕೀಲರು, ಕೋಪ ಜಾಸ್ತಿ.”

“ಕೊಡು.”

“ಮೇಜು ಗುದ್ದಿದರು.”

“ಕೊಡು.”

“ನರ್ಸ್. ಅವಸರವಿಲ್ಲ ಅಂದರು.”

“ಕಾಯ್ಲಿ.”

“ಒಳ್ಳೆ ಮನುಷ್ಯ. ಕಾಯುತ್ತಾರೆ.”

ಮ್ಯಾನೇಜರ್ ಪೂರ್ತಿ ಹಲ್ಲು ಬಿಟ್ಟ. “ಇದನ್ನ ಬರೆದಿದ್ದು ನೀನಾ? ಭೇಷ್. ಈ ಒಂದು ಷರಾ ನೋಡ್ಕೊಂಡೇ ಆ ಮುದುಕರ ಗಾಡೀನ ಮೂರು ಸಲ ಬೇರೆಯವರಿಗೆ ತಿರುಗಿಸಿದ್ದೀನಿ. ಎಲ್ರೂ ಹೀಗೆ ಬಿಡಿಸಿ ಬರೆದ್ರೆ ನನ್ನ ಕೆಲಸ ಎಷ್ಟು ಹಗುರ.”

ಕೋಣೆಯಿಂದ ಹೊರಬಂದು ಟಾಯ್ಲೆಟ್ಟಿನ ಕನ್ನಡಿ ನೋಡಿದೆ. ಟೈ ಕಟ್ಟಿಕೊಂಡ ಒಂದು ಪ್ರಾಣಿ ಕಂಡಿತು. ಮೇಷ್ಟ್ರ ಐದು ತಿಂಗಳಲ್ಲಿ ಉಳಿದಿದ್ದು ಇಪ್ಪತ್ತೈದು ದಿನ. ಕಳೆದ ದಿನಗಳನ್ನೆಲ್ಲ ತಿಂದಿದ್ದು ಯಾರ ಕೋಪವೂ ಅಲ್ಲ, ನಾನು ಅವರನ್ನು ಹೊಗಳಿದ ಮೂರು ಪದ.

ನನಗೆ ಗೊತ್ತಿದ್ದ ವಿದ್ಯೆ ಒಂದೇ. ಮೇಜಿಗೆ ಬಂದು ಷರಾ ಅಳಿಸಿ ಹೊಸದು ಬರೆದೆ: “ಮಹಾ ಜಗಳಗಂಟ. ಕೋರ್ಟಿಗೆ ಎಳೆಯುತ್ತೇನೆ ಅಂದಿದ್ದಾರೆ. ಊರಿನ ಅರ್ಧ ಜನ ಇವರ ಶಿಷ್ಯರು.” ಕೊನೆಯ ವಾಕ್ಯವಾದರೂ ನಿಜವಾಗಿತ್ತು.

ಮುಂದಿನ ಶನಿವಾರ ಬಂದಿದ್ದು ಒಂದೇ ಬೂದು ಗಾಡಿ. ಷರಾ ಓದಿದ ಮ್ಯಾನೇಜರ್ ಹಲ್ಲು ಮುಚ್ಚಿಕೊಂಡು, “ಮೊದ್ಲು ಇವರನ್ನ ಸಾಗಹಾಕು ಮಾರಾಯ” ಅಂದ. ಕಾಗದ ಪತ್ರವೆಲ್ಲ ಮುಗಿದು ಮೇಷ್ಟ್ರು ಕೀಲಿ ತೆಗೆದುಕೊಳ್ಳಲು ಬಂದ ದಿನ, ಲೈಸೆನ್ಸಿನಲ್ಲಿ ಇನ್ನು ಹನ್ನೊಂದು ದಿನವಿತ್ತು.

ಅಷ್ಟು ತಿಂಗಳು ಅವರತ್ತ ತಿರುಗಿಯೂ ನೋಡದಿದ್ದ ಮ್ಯಾನೇಜರ್ ಅವತ್ತು ಬಾಗಿಲಿಗೇ ಬಂದು, ಸೊಂಟ ಬಗ್ಗಿಸಿ, ಮೂರು ಸಲ ಕ್ಷಮೆ ಕೇಳಿದ. ಮೇಷ್ಟ್ರು ಮೆಲ್ಲಗೆ “ಪರವಾಗಿಲ್ಲ” ಅಂದಷ್ಟೂ ಅವನ ಮುಖ ಬಿಳಚಿಕೊಳ್ಳುತ್ತಿತ್ತು. ನನ್ನ ಕಿವಿಯಲ್ಲಿ, “ಇಂಥ ಮೆತ್ತಗಿರೋರೇ ಕಣೋ ಅಪಾಯ” ಅಂತ ಉಸುರಿ ಒಳಗೆ ಓಡಿದ.

ಮೇಷ್ಟ್ರು ಸೀಟು ಹಿಂದೆ ಮುಂದೆ ಮಾಡಿದರು. ಕನ್ನಡಿ ಹೊಂದಿಸಲು ಐದು ನಿಮಿಷ ತೆಗೆದುಕೊಂಡರು. ಆಮೇಲೆ ಕಿಟಕಿ ಇಳಿಸಿ, “ನೀನೂ ಪಾಪ ಬಹಳ ಓಡಾಡಿದೆ ಕಣಪ್ಪ” ಅಂದರು.

ಆ ಮಾತನ್ನು ನುಂಗಿಕೊಳ್ಳಲು ನನ್ನಿಂದಾಗಲಿಲ್ಲ. ಮೊದಲ ಷರಾ, ಎರಡನೆಯ ಷರಾ, ಶನಿವಾರದ ಕಥೆ ಎಲ್ಲ ಕಕ್ಕಿಬಿಟ್ಟೆ. ಅವರು ಸ್ಟಿಯರಿಂಗ್ ಮೇಲಿನ ಕೈ ತೆಗೆಯದೆ ಕೇಳಿಸಿಕೊಂಡರು.

“ಹಾಗಾದ್ರೆ ತಾರೀಖಿನ ಪ್ರಕಾರ ಈ ಗಾಡಿ ಯಾರದ್ದು?”

“ಒಬ್ರು ನರ್ಸಮ್ಮನದು. ನಿಮಗಿಂತ ಎಂಟು ದಿನ ಮೊದ್ಲು ಬುಕ್ ಮಾಡಿದ್ರು. ಹಾಸಿಗೆ ಹಿಡಿದವರ ಮನೆಮನೆಗೆ ಹೋಗಿ ಗಾಯ ತೊಳೆದು ಪಟ್ಟಿ ಕಟ್ತಾರೆ. ಸ್ಕೂಟರ್ ಕೆಟ್ಟು ನಿಂತಿದೆಯಂತೆ, ಬ್ಯಾಗ್ ಹೊತ್ಕೊಂಡು ನಡೀತಾರೆ.”

“ಅವಸರವಿಲ್ಲ ಅಂತ ಅವರ ಷರಾ ಬರೆದೋರು?”

“ನಾನೇ.”

ಕೊಳೆತ ಪದಾರ್ಥದ ಮುಚ್ಚಳ ತೆಗೆದವರ ಹಾಗೆ ಮೇಷ್ಟ್ರು ಮೂಗು ಸೊಟ್ಟ ಮಾಡಿದರು. ನಮ್ಮ ಕಾಫಿಗೂ ಮಾಡದಿದ್ದ ಮುಖ ಅದು.

“ನೀನು ಸುಳ್ಳು ಹೇಳ್ತೀಯ ಅಂತ ಗೊತ್ತಿತ್ತು. ಸಂಬಳಕ್ಕೆ ಹೇಳ್ತಾನೆ, ಹೇಳ್ಲಿ ಅಂತ ಸುಮ್ನಿದ್ದೆ. ಈಗ ನನ್ನ ಹೆಸರಲ್ಲೂ ಹೇಳಿಬಿಟ್ಯಲ್ಲ.” ಕಿಟಕಿಯಿಂದ ಕೈ ಚಾಚಿ, “ಅವರ ನಂಬರ್ ಒತ್ತು” ಅಂದರು.

ನಾನು ನಂಬರ್ ಒತ್ತಿ ಫೋನು ಕೊಟ್ಟೆ.

“ಅಮ್ಮಾ, ನಿಮ್ಮ ಸರದಿಯ ಗಾಡಿ ನನ್ನ ಕೈಗೆ ಬಂದ್ಬಿಟ್ಟಿದೆ. ನನ್ನ ಹೆಸರಿಗೆ ರಿಜಿಸ್ಟರ್ ಆಗಿದೆ, ವಾಪಸ್ ಮಾಡೋಕೆ ಬರಲ್ವಂತೆ. ಹನ್ನೊಂದು ದಿನ ನಾನು ಓಡಿಸ್ಬಹುದು. ಬೆಳಿಗ್ಗೆ ಬಂದು ನಿಮ್ಮನ್ನ ರೋಗಿಗಳ ಮನೆಗೆ ಬಿಡ್ತೀನಿ. ಆಮೇಲೆ ನಿಮ್ಮ ಗಾಡಿ ಬರೋವರೆಗೆ ಇದನ್ನ ನೀವೇ ಇಟ್ಕೊಳ್ಳಿ.”

ಆ ಕಡೆಯಿಂದ ಅನುಮಾನದ ದನಿ ನನಗೂ ಕೇಳಿಸಿತು: “ನೀವು ಯಾರು? ಶೋರೂಮಿನವರಾ?”

“ಅಲ್ಲಮ್ಮ,” ಅಂದರು ಮೇಷ್ಟ್ರು. “ಅಷ್ಟು ಕೆಟ್ಟೋನಲ್ಲ.”

ಫೋನು ವಾಪಸ್ ಕೊಟ್ಟಾಗ ನಾನು, “ಒಬ್ರೇ ಹೋಗ್ಬೇಕು ಅಂತಿದ್ರಲ್ಲ ಮೇಷ್ಟ್ರೇ” ಅಂದೆ.

“ಅವರು ಇಳಿದ ಮೇಲೆ ಒಬ್ನೇ ತಾನೆ” ಎಂದು ಗೇರ್ ಹಾಕಿ ಹೊರಟೇಬಿಟ್ಟರು.

ನಾನು ಅವತ್ತಿನಿಂದ ಷರಾ ಮನೆಯಲ್ಲಿ ಎಲ್ಲರಿಗೂ ಬುಕ್ಕಿಂಗ್ ತಾರೀಖು ಮಾತ್ರ ಬರೆಯಲು ಶುರುಮಾಡಿದೆ. “ಇದೇನಿದು, ಇದನ್ನ ನೋಡಿ ನಾನು ಯಾರಿಗೆ ಅಂತ ಕೊಡ್ಲಿ?” ಎಂದು ಮ್ಯಾನೇಜರ್ ಕೂಗಾಡಿದ. ತಿಂಗಳಾದ ಮೇಲೆ ಬಂದ ಮುಂದಿನ ಬೂದು ಗಾಡಿಯನ್ನು ಬೈದುಕೊಂಡೇ ನರ್ಸಮ್ಮನ ಹೆಸರಿಗೆ ಬರೆದ. ನನ್ನನ್ನು ತೆಗೆದುಹಾಕುತ್ತಾನೆ ಅಂದುಕೊಂಡಿದ್ದೆ, ತೆಗೆಯಲಿಲ್ಲ. ಬೈಸಿಕೊಳ್ಳಲು ಇಷ್ಟು ಅಗ್ಗಕ್ಕೆ ಇನ್ನೊಬ್ಬ ಸಿಗುವುದಿಲ್ಲ ಅಂತ ಅವನಿಗೂ ಗೊತ್ತು, ನನಗೂ ಗೊತ್ತು. ಕೆಲಸ ಬಿಟ್ಟೆ ಅಂತ ಬರೆದರೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯ ಬರುತ್ತಿತ್ತು. ಬಿಟ್ಟಿಲ್ಲ.

ಹನ್ನೊಂದನೆಯ ದಿನ ಸಂಜೆ ಬೆಳಕಿರುವಾಗಲೇ ಮೇಷ್ಟ್ರು ಶೋರೂಮಿಗೆ ಬಂದರು. ಕಾರನ್ನು ನರ್ಸಮ್ಮನ ಮನೆ ಮುಂದೆ ನಿಲ್ಲಿಸಿ, ಕೀಲಿ ಕೊಟ್ಟು, ಬಸ್ಸಿನಲ್ಲಿ ಬಂದಿದ್ದರು. ಸರ್ವೀಸ್ ಪುಸ್ತಕ ನನ್ನ ಮೇಜಿನಲ್ಲೇ ಉಳಿದಿತ್ತು, ಅದನ್ನು ನರ್ಸಮ್ಮನಿಗೆ ತಲುಪಿಸಬೇಕಿತ್ತಂತೆ. ಪುಸ್ತಕ ಕೊಡುತ್ತಾ ಕೇಳಿದೆ, “ಹೇಗಿತ್ತು ಮೇಷ್ಟ್ರೇ?”

“ಮಧ್ಯಾಹ್ನದ ಹೊತ್ತು ಕೆರೆ ಏರಿ ಮೇಲೆ ಯಾರೂ ಇರಲ್ಲ. ಅಲ್ಲಿ ಚೆನ್ನಾಗಿರ್ತಿತ್ತು. ನಿನ್ನೆ ಇನ್ನೂ ಸ್ವಲ್ಪ ದೂರ ಹೋಗೋಣ ಅಂತಿದ್ದೆ, ಅಷ್ಟ್ರಲ್ಲಿ ಅವರನ್ನ ಕರ್ಕೊಂಡು ಬರೋ ಹೊತ್ತಾಯ್ತು.”

ಅವರು ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡರು. ನಾನು ಇನ್ನೇನೋ ಕೇಳಿಬಿಡುತ್ತೇನೆ ಅಂತ ತಿಳಿದೋ ಏನೋ, ಬಾಗಿಲ ಹತ್ತಿರ ನಿಂತು ತಾವೇ ಹೇಳಿದರು:

“ಹನ್ನೊಂದು ದಿನ ಸಾಲ್ದು ಕಣಪ್ಪ.”

ಸಿಟ್ಟಿರಲಿಲ್ಲ. ಗಾಡಿಯಲ್ಲಿ ಪೆಟ್ರೋಲ್ ಎಷ್ಟಿದೆ ಅಂತ ಹೇಳಿದ ಹಾಗೆ ಹೇಳಿದರು. ‘ಸಾರಿ’ ಅನ್ನುವ ಪದ ನನ್ನ ನಾಲಿಗೆಯ ತುದಿಗೆ ತಾನಾಗಿಯೇ ಬಂತು. ಬೆಳಗಿನಿಂದ ಎಷ್ಟೋ ಜನರಿಗೆ ಹೇಳಿಹೇಳಿ ಎಂಜಲಾಗಿದ್ದ ಪದ. ಅದನ್ನು ಅವರಿಗೆ ಕೊಡಲು ಮನಸ್ಸಾಗದೆ, ಅವರು ರಸ್ತೆ ದಾಟಿ ಬಸ್ ಸ್ಟಾಪ್ ಸೇರುವವರೆಗೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ.