ಸೋದರಮಾವನ ಅಡಕೆ

ನಾನು ಐಜಿ. ಅಂದರೆ ಪೊಲೀಸ್ ಮಹಾನಿರೀಕ್ಷಕ. ಉತ್ತರದ ಒಂದು ರಾಜ್ಯದಲ್ಲಿ ನಾನು ಕಾರಿನಿಂದ ಇಳಿದರೆ ಬೂಟುಗಳೆಲ್ಲ ಒಮ್ಮೆಲೇ ಸದ್ದು ಮಾಡುತ್ತವೆ. ಮಹಾರಾಷ್ಟ್ರದ ಗಡಿಯಲ್ಲಿರುವ ನಮ್ಮ ಜತ್ತ ತಾಲೂಕಿನಲ್ಲಿ ಇಳಿದರೆ ಮಲಗಿದ ನಾಯಿ ಕೂಡ ಏಳುವುದಿಲ್ಲ. ಉಮದಿಯ ಹತ್ತಿರ ಅಕ್ಕನ ಮನೆಯಿದೆ. ಅಲ್ಲಿ ಅವಳ ಅತ್ತೆ ಪ್ರತಿ ರಜೆಯಲ್ಲೂ ನನ್ನ ಕೈ ಹಿಡಿದು ಕನಿಕರದಿಂದ ಕೇಳುತ್ತಾಳೆ: “ಫೌಜದಾರ ಯಾವಾಗ ಆಗ್ತಿಯಪ್ಪಾ?” ನಮ್ಮಲ್ಲಿ ಸಬ್ ಇನ್ಸ್‌ಪೆಕ್ಟರನಿಗೆ ಫೌಜದಾರ ಅನ್ನುತ್ತಾರೆ. ಅವನು ಮೋಟಾರ್‌ಸೈಕಲ್ ಮೇಲೆ ಬರುತ್ತಾನೆ, ಸ್ಪೀಕರ್ ಬಂದ್ ಮಾಡಿಸುತ್ತಾನೆ, ಬದುವಿನ ಜಗಳ ಬಿಡಿಸುತ್ತಾನೆ. ಐಜಿ ಏನು ಮಾಡುತ್ತಾನೆಂದು ಅವಳಿಗೆ ವಿವರಿಸಲು ಹೋಗಿ ನಾನೇ ತಡವರಿಸಿದ್ದೇನೆ.

ಹೋದ ವರ್ಷ ಅಕ್ಕನ ಫೋನ್ ಬಂತು. “ಕಿರಿ ಮಗಳದ ಗಟ್ಟಿ ಮಾಡೂದೈತಿ. ಐತವಾರ ಬಾ. ಅಡಿಕಿ ಒಡ್ಯಾಂವ ನೀನ.” ರಜೆ ಸಿಗುತ್ತದೋ ಇಲ್ಲವೋ ಎಂದು ಅವಳು ಕೇಳಲಿಲ್ಲ. ನಮ್ಮ ಕುರುಬರ ಮನೆತನದಲ್ಲಿ ಹುಡುಗಿಯ ಸೋದರಮಾವ ಹಿರಿಯರೆದುರು ಅಡಕೆ ಒಡೆದರೆ ಮದುವೆ ಗಟ್ಟಿಯಾದಂತೆ. ಅವನು ಒಲ್ಲೆ ಅಂದರೆ ಆ ಅಡಕೆಯನ್ನು ಬೇರೆ ಯಾರೂ ಮುಟ್ಟುವಂತಿಲ್ಲ. ಹಾಗೆ ಒಲ್ಲೆ ಅಂದವನನ್ನು ಮಾತ್ರ ನಾವು ಯಾರೂ ಕಂಡಿರಲಿಲ್ಲ.

ಭಾನುವಾರ ಬೆಳಗ್ಗೆ ಅಕ್ಕನ ಆ ಕಿರಿ ಮಗಳು ನನ್ನನ್ನು ಎಬ್ಬಿಸಿ ರಸ್ತೆಗೆ ಎಳೆದೊಯ್ದಳು. ಪೊಲೀಸ್ ಭರತಿಗಾಗಿ ದಿನಾ ಓಡುತ್ತಾಳೆ. ಕಾನ್‌ಸ್ಟೇಬಲ್ ಆಗಬೇಕೆಂಬುದು ಅವಳ ಹಟ. ನಾನೂ ಓಡಿದೆ. ಜಾಲಿ ಮರದ ತನಕ. ಅಲ್ಲಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಾಗ ಅವಳು ಉಮದಿಯ ಕಡೆ ಹೋಗಿ ತಿರುಗಿ ಬಂದಳು, ಏದುಸಿರೂ ಇಲ್ಲ.

“ಮಾಮಾ, ಅಡಿಕಿ ಒಡಿಬ್ಯಾಡ,” ಅಂದಳು. “ಮುಂದಿನ ವಾರ ಸಾಂಗ್ಲ್ಯಾಗ ನಂದ ಗ್ರೌಂಡ್ ಐತಿ, ಓಟದ ಪರೀಕ್ಷಾ. ಗಟ್ಟಿ ಆತಂದ್ರ ಗಂಡಿನವರು ಓಡಾಕ ಬಿಡಂಗಿಲ್ಲ.”

“ಅವ್ವಗ ಹೇಳಿಯೇನು?”

“ಹೇಳಿ ಬೈಸ್ಕೊಂಡೀನಿ. ಈಗ ನೀ ಹೇಳು.”

ನಾನು ಗಂಭೀರವಾಗಿ ರಸ್ತೆಯ ಡಾಂಬರನ್ನು ಪರಿಶೀಲಿಸಿದೆ. ಉತ್ತರ ಗೊತ್ತಿಲ್ಲದಾಗ ಪರಿಶೀಲಿಸುವುದನ್ನು ನಮ್ಮ ಇಲಾಖೆ ಚೆನ್ನಾಗಿ ಕಲಿಸುತ್ತದೆ.

ಹನ್ನೊಂದರ ಸುಮಾರಿಗೆ ಅಸಂಗಿ ಕಡೆಯಿಂದ ಬೀಗರಾಗುವವರು ಬಂದರು. ಪಡಸಾಲೆಯಲ್ಲಿ ಕಂಬಳಿ ಹಾಸಿದ್ದರು. ಅಕ್ಕನ ಗಂಡ ಮೂಲೆ ಹಿಡಿದು ಕುಳಿತ. ಅವನು ಮಾತಾಡುವುದೇನಿದ್ದರೂ ಕುರಿಗಳ ಜೊತೆ. ಹುಡುಗ ತಲೆ ತಗ್ಗಿಸಿಕೊಂಡಿದ್ದ. ಅವನಪ್ಪ ಎಲ್ಲರ ಪಾಲಿನ ಮಾತನ್ನೂ ತಾನೇ ಆಡಿ, ಕೊನೆಗೆ ನನ್ನ ಪಕ್ಕಕ್ಕೆ ಸರಿದ.

“ನಮ್ಮ ಹುಡುಗನೂ ಭರತಿಗೆ ನಿಂತಾನ್ರಿ ಸಾಹೇಬ್ರ. ಎಲ್ಲಾ ಚಲೋ ಐತಿ, ಎದಿ ಅಳತಿ ಒಂದೀಟ ಕಮ್ಮಿ ಬೀಳತೈತಿ. ನೀವೊಂದ ಮಾತ ಹೇಳಿದ್ರ ತಾನ ಹಿಗ್ಗತೈತ್ರಿ.”

“ನನ್ನ ನೌಕರಿ ಬ್ಯಾರೆ ರಾಜ್ಯದಾಗ್ರಿ. ಇಲ್ಲಿ ನನ್ನ ಮಾತ ಯಾರೂ ಕೇಳಂಗಿಲ್ಲ.”

“ದೊಡ್ಡವರು ಹಂಗ ಅಂತಿರ್ತಾರ ಬಿಡ್ರಿ,” ಎಂದು ಆತ ನಕ್ಕ.

ಹುಡುಗಿ ನೋಡಲು ಬಂದವರು ನನ್ನ ಟೊಪ್ಪಿಗೆ ನೋಡಿ ಮೆಚ್ಚಿದ್ದರು. “ಹುಡುಗಿದೂ ಮುಂದಿನ ವಾರ ಗ್ರೌಂಡ್ ಐತ್ರಿ,” ಅಂದೆ.

“ಒಂದ ಮನ್ಯಾಗ ಇಬ್ಬರು ಪೊಲೀಸರು ಯಾಕ ಬೇಕ್ರಿ? ಆಕಿ ಆರಾಮ ಇರ್ಲಿ.”

ಅಕ್ಕ ಅಡಕೆಯನ್ನೂ ಕಲ್ಲನ್ನೂ ನನ್ನ ಮುಂದಿಟ್ಟಳು. ಒಳಬಾಗಿಲಲ್ಲಿ ಹುಡುಗಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ನಾನು ಅಡಕೆ ತೆಗೆದುಕೊಂಡು ಮುಷ್ಟಿ ಬಿಗಿದೆ.

“ನಾ ಒಡ್ಯಂಗಿಲ್ಲ,” ಅಂದೆ. ಪರೇಡಿನಲ್ಲಿ ಮೈದಾನದಾಚೆ ಕೇಳಿಸುವ ನನ್ನ ದನಿ ಆ ಹೊತ್ತು ಕಂಬಳಿ ದಾಟಿತೋ ಇಲ್ಲವೋ.

ಹುಡುಗನ ಅಪ್ಪ ಎದ್ದು ಚಪ್ಪಲಿ ಮೆಟ್ಟಿದ. “ಅಲ್ರಿ ಸಾಹೇಬ್ರ, ಇಷ್ಟ ದೊಡ್ಡ ಹುದ್ದ್ಯಾಗ ಇದ್ದು ಮಂದಿಗೆ ನಿಮ್ಮಿಂದ ಏನ ಉಪಯೋಗ?” ಆ ಪ್ರಶ್ನೆ ನನಗೂ ಆಗಾಗ ಬಂದದ್ದುಂಟು. ಅವರು ಚಹಾ ಮುಟ್ಟದೆ ಹೋದರು.

ಕಲ್ಲು ತೂರುವ ಗುಂಪಿನೆದುರು ನಿಂತಿದ್ದೇನೆ, ನಿಜ. ಆದರೆ ಅಕ್ಕ ಕಂಬಳಿ ಮಡಚುತ್ತ ನನ್ನತ್ತ ಬಂದಾಗ ಹಿಂದಿನ ಬಾಗಿಲು ತೆರೆದಿದೆಯೇ ಎಂದು ನೋಡಿದೆ. ಅವಳು ಬೈಯಲಿಲ್ಲ. ಎದುರಿಗೆ ಕುಳಿತಳು.

“ನಾ ಏಳನೇತ್ತೆ ಇದ್ದಾಗ ನಂದ ಗಟ್ಟಿ ಮಾಡಿದ್ರು. ಸಾಲಿ ಬಿಡಸಬ್ಯಾಡ ಅಂತ ನಮ್ಮ ಮಾಮಾನ ಕಾಲ ಹಿಡಕೊಂಡಿದ್ದೆ. ಆಂವ ನನ್ನ ತಲಿ ಮ್ಯಾಲ ಕೈ ಆಡಿಸಿದ. ಹೋಗಿ ಒಡದ.”

“ನನಗ ಗೊತ್ತ ಇದ್ದಿಲ್ಲಲ್ಲ ಅಕ್ಕಾ.”

“ನಿನಗೇನ ಗೊತ್ತಾಗಬೇಕು. ನೀ ಸಣ್ಣಾಂವ, ಹಂಚಿದ ಸಕ್ಕರಿ ತಿಂದ ಕುಣಿಯಾಕ ಹತ್ತಿದ್ದಿ.” ಸೆರಗಿನಿಂದ ಮೂಗು ಒರೆಸಿಕೊಂಡಳು. “ಸಾಂಗ್ಲಿಗೆ ಆಕಿನ್ನ ನೀನ ಕರಕೊಂಡ ಹೋಗು. ಒಳಗ ಮಾತ್ರ ಹೋಗಬ್ಯಾಡ. ಮಾಮಾನಿಂದ ಪಾಸಾದ್ಲು ಅಂತಾರ ಮಂದಿ. ಗೇಟಿನ ಹೊರಗ ನಿಂದ್ರು.”

ರಜೆ ಮುಂದುವರಿಸಿಕೊಂಡು ಹೋದೆ. ಗೇಟಿನ ಹೊರಗೆ ಊರೂರಿನ ತಂದೆತಾಯಿಗಳ ನಡುವೆ ಬಿಸಿಲಲ್ಲಿ ನಿಂತೆ. ಮೀಸೆ ಚಿಗುರುತ್ತಿದ್ದ ಒಬ್ಬ ಕಾನ್‌ಸ್ಟೇಬಲ್ ಲಾಠಿ ಅಡ್ಡ ಹಿಡಿದು ಹಿಂದೆ ಸರಿಯಿರಿ ಎಂದು ಮರಾಠಿಯಲ್ಲಿ ಗದರಿದ. ಎಲ್ಲರಿಗಿಂತ ಮೊದಲು ನಾನು ಸರಿದೆ.

ಮಧ್ಯಾಹ್ನದ ಹೊತ್ತಿಗೆ ಅವಳು ಹೊರಬಂದಳು. ಮೊಣಕಾಲಿನ ತನಕ ಧೂಳು. ನನ್ನನ್ನು ಮಾತಾಡಿಸಲೂ ಇಲ್ಲ, ಫೋನ್ ಕಸಿದುಕೊಂಡು ಮನೆಗೆ ಹಚ್ಚಿದಳು.

“ಅವ್ವಾ, ಎಲ್ಲಾರಕಿಂತ ಮೊದಲ ಮುಟ್ಟಿದ್ನಿ.”

ಆ ಕಡೆಯಿಂದ ಅಕ್ಕನ ದನಿ ನನಗೂ ಕೇಳಿಸಿತು.

“ಇನ್ನೊಮ್ಮಿ ಹೇಳು.”