ಫೋನಿನಲ್ಲಿ ಮೇಷ್ಟ್ರು ಹೇಳಿದ್ದು

ಅಂದು ನಾನು ತಪ್ಪಾಗಿ ಕೇಳಿಸಿಕೊಂಡಿರಲಿಲ್ಲ, ರತ್ನ. ಮೇಷ್ಟ್ರ ಒಂದೊಂದು ಮಾತೂ ನನಗೆ ಸ್ಪಷ್ಟವಾಗಿ ಕೇಳಿಸಿತ್ತು. ನಿನಗೆ ಅದನ್ನು ತಿರುಚಿ ಹೇಳಿದೆ — ಬೇಕೆಂದೇ ಹೇಳಿದೆ.

ತೊಂಬತ್ತರ ದಶಕದ ನಡುವಿನ ಮಾತು. ನಾನು ಕೆ.ಆರ್.ಎಸ್.ನಲ್ಲಿ ನೀರಾವರಿ ಇಲಾಖೆ ನೌಕರರ ಮಗಳು. ಎಂಟನೆಯ ವಯಸ್ಸಿನಿಂದ ಬಸ್ಸಿನಲ್ಲಿ ಮೈಸೂರಿಗೆ ಹೋಗಿ ಈಜುಕೊಳದಲ್ಲಿ ಕಲಿತವಳು. ನೀನು ಅಕ್ಕಿಹೆಬ್ಬಾಳಿನವಳು. ಹೇಮಾವತಿಯಲ್ಲಿ ಈಜಿ ಬೆಳೆದು, ಹದಿನೇಳಕ್ಕೆ ಮೊದಲ ಸಲ ಕೊಳಕ್ಕೆ ಇಳಿದವಳು. ಪ್ರತಿ ಶನಿವಾರ ಸಂಜೆ ನೀನು ನಮ್ಮ ಕ್ವಾರ್ಟರ್ಸಿಗೆ ಬಂದು ಉಳಿಯುತ್ತಿದ್ದೆ. ಭಾನುವಾರ ಇಬ್ಬರೂ ಜೊತೆಯಾಗಿ ಅಭ್ಯಾಸಕ್ಕೆ ಹೋಗುತ್ತಿದ್ದೆವು. ಅಮ್ಮ ನಿನಗೆಂದೇ ಉಪ್ಸಾರು ಮಾಡಿಡುತ್ತಿದ್ದಳು.

ಒಂದು ಭಾನುವಾರ ನಾನು ಈಜುಗನ್ನಡಕ ಹಾಕಿಕೊಂಡು, ಉಸಿರು ಬಿಗಿಹಿಡಿದು, ನೀರಿನಡಿಯಿಂದ ನಿನ್ನನ್ನು ನೋಡಿದೆ. ಬ್ಯಾಕ್‌ಸ್ಟ್ರೋಕಿಗೆ ಗೋಡೆ ಒದ್ದು ಅಂಗಾತ ಒಳಕ್ಕೆ ಸರಿದೆ ನೀನು. ಹಾಗೆ ಸರಿದಾಗ ನಾವೆಲ್ಲ ಒಂದಾದ ಮೇಲೊಂದು ಕಾಲು ಬಡಿಯುತ್ತಿದ್ದೆವು. ನೀನು ಎರಡೂ ಕಾಲು ಕೂಡಿಸಿದ್ದೆ. ಎದೆಯಿಂದ ಹೊರಟ ಒಂದು ಅಲೆ ಹೊಟ್ಟೆ, ತೊಡೆ, ಮಂಡಿ ದಾಟಿ ಪಾದದ ತುದಿಗೆ ಹೋಗಿ — ಮತ್ತೆ ಎದೆಯಿಂದ ಇನ್ನೊಂದು. ಗುಳ್ಳೆಯಿಲ್ಲ, ಸದ್ದಿಲ್ಲ. ಮೇಲಿನಿಂದ ಬಿದ್ದ ಬಿಸಿಲು ನಿನ್ನ ಮೈಮೇಲೆ ಬಲೆಯಂತೆ ಅಲುಗುತ್ತಿತ್ತು. ಮನುಷ್ಯರು ನೀರಿನಲ್ಲಿ ಹೀಗೂ ಇರಬಹುದೇ — ನನಗೆ ಉಸಿರು ಬಿಗಿಹಿಡಿಯಬೇಕೆಂಬುದೇ ಮರೆತು, ಮೂಗಿಗೆ ನೀರು ಹೋಗಿ ಕೆಮ್ಮುತ್ತ ಮೇಲೆ ಬಂದೆ.

“ಯಾರು ಕಲಿಸಿದ್ದು ನಿನಗೆ?” ಎಂದೆ.

“ಯಾರೂ ಕಲ್ಸಿಲ್ಲ ಕಣೆ. ಒಳೆ ಸೆಳ್ಕತದಲ್ಲ, ಅದ್ರ ಎದುರ್ಗೆ ಓಗ್ಬೇಕಲ್ಲ? ಕಾಲು ಬಡುದ್ರೆ ಸುಸ್ತಾಯ್ತದೆ. ಅದ್ಕೇ ಇಂಗೆ” ಎಂದು ನೀನು ಅಂಗೈಯನ್ನು ಅಲೆಯಂತೆ ಆಡಿಸಿ ತೋರಿಸಿದೆ.

ನಮಗೆ ಈಜು ಕಲಿಸುತ್ತಿದ್ದ ಮೇಷ್ಟ್ರು, ಸಿಂಧಘಟ್ಟದ ಪುಟ್ಟಸ್ವಾಮಿ ಮೇಷ್ಟ್ರು, ನಿನ್ನನ್ನು ಎರಡೂ ಬಗೆಯಲ್ಲಿ ಈಜಿಸಿ ಗಡಿಯಾರ ಹಿಡಿದು ನೋಡಿದರು. ಕಾಲು ಕೂಡಿಸಿದಾಗ ನೀನು ನನ್ನನ್ನು ಒಂದು ಮೈಯುದ್ದ ಹಿಂದೆ ಬಿಡುತ್ತಿದ್ದೆ. ಆದರೆ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವಿದೆಯೇ ಎಂಬುದು ಅವರಿಗೂ ಖಚಿತವಿರಲಿಲ್ಲ. ವಿಚಾರಿಸಿ ತಿಳಿಸುತ್ತೇನೆಂದರು.

ರಾಜ್ಯಮಟ್ಟಕ್ಕೆ ಕಳಿಸುವ ಆಯ್ಕೆ ಸ್ಪರ್ಧೆಗೆ ಎರಡು ದಿನವಿದ್ದಾಗ ಅಪ್ಪನ ಆಫೀಸಿಗೆ ಅವರ ಫೋನು ಬಂತು; ಅಪ್ಪ ನನ್ನನ್ನು ಕರೆಸಿ ಫೋನು ಕೊಟ್ಟರು. ಅವರ ತಾಯಿಗೆ ಹುಷಾರಿರಲಿಲ್ಲ, ಸ್ಪರ್ಧೆಗೆ ಬರಲಾಗುವುದಿಲ್ಲವೆಂದರು. ಆಮೇಲೆ ಹೇಳಿದರು: “ಹದಿನೈದು ಮೀಟರ್ ಒಳಗೆ ತಲೆ ಮೇಲಕ್ಕೆ ಬಂದ್ರೆ ಸಾಕಂತೆ ಕಣವ್ವ. ಕಾಲು ಕೂಡ್ಸೇ ಒದೀಬೋದು. ರತ್ನಂಗೆ ಯೋಳ್ಬುಡು, ಅಂಗೇ ಮಾಡ್ಲಿ.”

ಆ ಫೋನಿನಲ್ಲಿ ಯಾವಾಗಲೂ ಗೊರಗೊರ ಸದ್ದು. ಅಂದು ಅದೂ ಇರಲಿಲ್ಲ.

ಮರುದಿನ ನೀನು ಬಂದಾಗ ನಾನು ಹೇಳಿದೆ — “ಮೇಷ್ಟ್ರು ಫೋನ್ ಮಾಡಿದ್ರು. ಕಾಲು ಕೂಡಿಸಿ ಒದ್ರೆ ಔಟ್ ಮಾಡ್ತಾರಂತೆ.”

ನೀನು ಚೀಲ ಕೆಳಗಿಟ್ಟೆ. “ಓಗ್ಲಿ ಬುಡು, ನಿನ್ನಂಗೇ ಒದುದ್ರಾಯ್ತು” ಎಂದೆ.

ಏಕೆ ಹಾಗೆ ಮಾಡಿದೆ? ನಿನ್ನನ್ನು ದ್ವೇಷಿಸಿದೆನೇ — ಇಲ್ಲ. ಒಂಬತ್ತು ವರ್ಷ ಬೆವರು ಹರಿಸಿದರೂ ನನಗೆ ಬಾರದ್ದು ನಿನ್ನ ಮೈಯೊಳಗೆ ತಾನಾಗಿ ಇತ್ತು. ಅದನ್ನು ಕಂಡು ಕೈಮುಗಿಯಬೇಕಾದವಳು ನಾನು. ಅದನ್ನೇ ಕಟ್ಟಿಹಾಕಿದೆ.

ಸ್ಪರ್ಧೆಯಲ್ಲಿ ನಾನು ಗೆದ್ದೆ — ಒಂದು ಗೇಣಿನ ಅಂತರದಲ್ಲಿ. ಎಲ್ಲ ಮುಗಿದು ಕೊಳ ಖಾಲಿಯಾದಾಗ, “ಇನ್ನೇನು, ಒಂದ್ಸಲ ನನ್ನಂಗೇ ಓಗ್ಬತ್ತೀನಿ” ಎಂದು ನೀನು ನೀರಿಗಿಳಿದೆ. ಗೋಡೆ ಒದ್ದು ಮುಳುಗಿದವಳು ಆಚೆ ಗೋಡೆಯವರೆಗೂ ಮೇಲೆ ಬರಲಿಲ್ಲ. ಬಟ್ಟೆ ಹಿಂಡುತ್ತಿದ್ದ ಹುಡುಗಿಯರು ಕೈ ನಿಲ್ಲಿಸಿದರು. ತೀರ್ಪುಗಾರರೆಲ್ಲ ಕುರ್ಚಿಯಿಂದ ಎದ್ದು ನಿಂತರು. ಹಾಗೆ ಎದ್ದು ನಿಂತವರಲ್ಲಿ ನಾನೂ ಇದ್ದೆ, ರತ್ನ.

ವಯಸ್ಸಾದ ತೀರ್ಪುಗಾರರೊಬ್ಬರು ಅಂಚಿಗೆ ಬಂದು ಕೇಳಿದರು: “ಹದಿನೈದು ಮೀಟರ್ ತನಕ ಇದು ನಡೀತದಲ್ಲಮ್ಮ, ರೇಸಲ್ಲಿ ಯಾಕೆ ಮಾಡ್ಲಿಲ್ಲ?”

ನೀನು ನನ್ನತ್ತ ತಿರುಗಿದೆ. ಒಂದು ಕ್ಷಣ ಅಷ್ಟೇ. ನಾನು ಬಾಯಿ ತೆರೆಯುವ ಮೊದಲೇ ನೀನು ಹೇಳಿಬಿಟ್ಟೆ — “ಮೇಷ್ಟ್ರು ಪೋನಲ್ಲಿ ಯೋಳಿದ್ರು ಸಾ. ಇವ್ಳಿಗೆ ಸರ್ಯಾಗಿ ಕೇಳ್ಸಿಲ್ಲ.”

ನಾನು ತಲೆಯಾಡಿಸಿದೆ. ಮೇಷ್ಟ್ರಿಗೂ ಆಮೇಲೆ ಅದನ್ನೇ ಹೇಳಿದೆ.

ರಾಜ್ಯಮಟ್ಟಕ್ಕೆ ನಾನು ಹೋದೆ. ಆ ಪ್ರಮಾಣಪತ್ರವೇ ನನಗೆ ಸರ್ಕಾರಿ ಕೆಲಸ ಕೊಡಿಸಿತು. ನೀನು ಮತ್ತೆ ಕೊಳಕ್ಕೆ ಬರಲಿಲ್ಲ. ಮುಂದಿನ ವರ್ಷ ನಾಗಮಂಗಲದ ಕಡೆ ಮದುವೆಯಾಗಿ ಹೋದೆ. ನನಗೆ ನಿಜಕ್ಕೂ ಸರಿಯಾಗಿ ಕೇಳಿಸಲಿಲ್ಲವೆಂದು ನಂಬಿ ಹಾಗೆ ಹೇಳಿದೆಯೋ, ಎಲ್ಲ ತಿಳಿದೂ ನನ್ನನ್ನು ಕಾಪಾಡಿದೆಯೋ — ಕೇಳುವ ಧೈರ್ಯ ನನಗೆ ಇಂದಿಗೂ ಬಂದಿಲ್ಲ.

ಹೋದ ತಿಂಗಳು ಪಾಂಡವಪುರದ ಮದುವೆಮನೆಯಲ್ಲಿ ಸಿಕ್ಕಾಗ ನೀನು ನಿನ್ನ ಮಗಳನ್ನು ಕೈಹಿಡಿದು ಕರೆತಂದೆ. “ಇವ್ರೇ ಕಣಮ್ಮಿ, ನಾನು ಯೋಳ್ತಿದ್ನಲ್ಲ. ಅಂಗೆ ಈಜೋರ್ನ ನಾನು ಕಂಡೇ ಇಲ್ಲ” ಎಂದೆ. ಆ ಹುಡುಗಿ ಬಗ್ಗಿ ನನ್ನ ಕಾಲು ಮುಟ್ಟಿದಳು. ನಾನು ತಡೆಯಲಿಲ್ಲ.

ಈ ಪತ್ರ ನಿನ್ನ ಕೈಸೇರಿದ ಮೇಲೆ ಬರುವ ಭಾನುವಾರ ನಿಮ್ಮೂರಿಗೆ ಬರುತ್ತೇನೆ. ಇದನ್ನು ನಿನ್ನ ಮಗಳ ಎದುರಿಗೇ ಬಾಯಿಬಿಟ್ಟು ಹೇಳಬೇಕು. ಒಳಗೆ ಕರೆಯಬೇಕೆಂದಿಲ್ಲ, ರತ್ನ — ಜಗುಲಿಯ ಕೆಳಗೆ ನಿಂತು ಹೇಳಿ ಹೋಗುತ್ತೇನೆ.