ಮೊದಲ ಎತ್ತು, ಆಮ್ಯಾಲ ಹತ್ತು

ಹೊಸ ಗಾಡಿ ಬಂದರೆ ಜನ ಕುಂಕುಮ ಹಚ್ಚುತ್ತಾರೆ, ಗಾಲಿಗೆ ನಿಂಬೆಹಣ್ಣು ಇಡುತ್ತಾರೆ. ಫಕೀರಪ್ಪ ಕಾಕಾ ಅದನ್ನು ನೆಲಕ್ಕೆ ಮಲಗಿಸುತ್ತಿದ್ದರು. ಹ್ಯಾಂಡಲ್ ಹಿಡಿದು, ಕೂಸನ್ನು ಮಲಗಿಸಿದಂತೆ ಮೆಲ್ಲಗೆ ವಾಲಿಸಿ, ಮಣ್ಣಿನಲ್ಲಿ ಬಿಟ್ಟು, ದೂರ ಸರಿದು ಬೀಡಿ ಹಚ್ಚುವರು. ಗಾಡಿಯ ಒಡೆಯ ಹೌಹಾರಿ ನಿಂತರೆ, "ಮೊದಲ ಎತ್ತು, ಆಮ್ಯಾಲ ಹತ್ತು" ಎನ್ನುವರು.

ಭಾಗ್ಯನಗರದಲ್ಲಿ ನಮ್ಮ ಮನೆಯ ಮಗ್ಗುಲಲ್ಲೇ ಅವರ ಮನೆ. ಕರೆಂಟಿನ ಲೈನ್‌ಮನ್ ಆಗಿದ್ದವರು. ಕಂಬದ ಸಾಲಿನ ಬೆನ್ನು ಹತ್ತಿ ಕೊಪ್ಪಳದ ಸುತ್ತಲಿನ ಕಲ್ಲುಗುಡ್ಡಗಳಲ್ಲೆಲ್ಲ ಮೋಟರ್‌ಸೈಕಲ್ ಓಡಿಸಿದವರು. ಆಡು ಇಳಿಯಲು ಅಂಜುವ ದಾರಿಯಲ್ಲಿ ಕಾಕಾ ಬೀಡಿ ಸೇದುತ್ತ ಇಳಿಯುತ್ತಾರೆ ಎಂದು ಓಣಿಯವರು ಹೇಳುತ್ತಿದ್ದರು. ಅದರಲ್ಲಿ ಅರ್ಧ ಸುಳ್ಳಿರಬಹುದು. ತಾವು ಬಿದ್ದ ಕಥೆಗಳನ್ನು ಮಾತ್ರ ಕಾಕಾ ತಾವೇ ಹೇಳುತ್ತಿದ್ದರು, ಮೊಣಕಾಲಿನ ಗಾಯದ ಗುರುತು ತೋರಿಸಿ.

ನಾನು ನರ್ಸ್. ಗುಡ್ಡದಾಚೆಯ ತಾಂಡಾಗಳಿಗೆ ಲಸಿಕೆ ಡಬ್ಬಿ ಒಯ್ಯುವ ಕೆಲಸ ಬಿದ್ದಾಗ, ಆ ಕಾಲುದಾರಿಗೆ ತಕ್ಕ ಗಾಡಿ ಆರಿಸಲು ಕಾಕಾನನ್ನು ಕರೆದುಕೊಂಡು ಹೋದೆ. ನನ್ನ ಕಣ್ಣು ಬಿದ್ದದ್ದು ಒಂದು ಕೆಂಪು ಗಾಡಿಯ ಮೇಲೆ. ಕಾಕಾ ಅತ್ತ ನೋಡಲೂ ಇಲ್ಲ. ಸಣ್ಣ ಎಂಜಿನ್ನಿನ, ತೆಳ್ಳನೆಯ, ಕೂತರೆ ಎರಡೂ ಪಾದ ಪೂರ್ತಿ ನೆಲಕ್ಕೂರುವ ಹಳೆಯದೊಂದನ್ನು ತೋರಿಸಿದರು.

"ಕತ್ತೆಮರಿ ಇದ್ದಂಗೈತಲ್ಲ ಕಾಕಾ" ಎಂದೆ.

"ಗುಡ್ಡಾ ಹತ್ತಾಕ ಕತ್ತೇನ ಛಲೋ. ಹೊಸದಾಗಿ ಕಲಿಯಾಕಿ ನೀ, ಬೀಳಾಕೇ ಬೇಕು. ಬಿದ್ದಾಗ ಎಬ್ಬಸಾಕ ಅಲ್ಲಿ ನಿಮ್ಮಪ್ಪ ಬರ್ತಾನೇನು?"

ಬಜಾರದ ನಡುವೆಯೇ ಮಲಗಿಸಿಬಿಟ್ಟರು. ಸೆರಗು ಸಿಕ್ಕಿಸಿಕೊಂಡು ಎಳೆದೆ, ಜಗ್ಗಿದೆ. ಅದು ಜಪ್ಪಯ್ಯ ಎನ್ನಲಿಲ್ಲ. ಚಹದಂಗಡಿಯ ಗಂಡಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ಒಬ್ಬ ಸಹಾಯಕ್ಕೆಂದು ಎದ್ದು ಬಂದರೆ ಕಾಕಾ, "ಕುಂಡ್ರೋ, ನಿನ್ನ ಚಾ ಆರತೈತಿ" ಎಂದು ಅಟ್ಟಿದರು. ಆಮೇಲೆ ಕಲಿಸಿದರು. ಗಾಡಿಗೆ ಬೆನ್ನು ಕೊಟ್ಟು ಕುಕ್ಕರಿಸಬೇಕು, ಒಂದು ಕೈ ಹ್ಯಾಂಡಲ್ಲಿಗೆ, ಇನ್ನೊಂದು ಹಿಂದಿನ ಕಂಬಿಗೆ, ಸಣ್ಣ ಹೆಜ್ಜೆ ಹಿಂದಿಡುತ್ತ ತಳ್ಳಬೇಕು. "ಟೊಂಕದ್ಲೆ ಬ್ಯಾಡ, ತೊಡಿಲೆ ಎತ್ತು." ಎದ್ದಿತು. ಮನೆ ಮುಟ್ಟುವವರೆಗೂ ಮುದುಕನನ್ನು ಮನಸ್ಸಿನಲ್ಲೇ ಬೈದೆ. ಗುಡ್ಡದಲ್ಲಿ ಒಬ್ಬಳೇ ಬಿದ್ದ ದಿನ ಆ ಬೈಗುಳವನ್ನೆಲ್ಲ ವಾಪಸು ತೆಗೆದುಕೊಂಡೆ.

ಕಾಕಾನಿಗೆ ನಿರ್ಮಲಾ ಒಬ್ಬಳೇ ಮಗಳು. ಅವಳನ್ನು ಗಂಗಾವತಿ ಕಡೆಯ ಮರಳಿ ಗ್ರಾಮದ ಬಸವರಾಜನಿಗೆ ಕೊಟ್ಟಿದ್ದರು. ನಗುಮುಖದ ಹುಡುಗ. ಭತ್ತದ ಗದ್ದೆಗಳ ಊರಿನವನು. ಕಾಲುವೆ ದಂಡೆಯ ಸಪಾಟು ದಾರಿ ಬಿಟ್ಟು ಬೇರೆಲ್ಲೂ ಗಾಡಿ ಓಡಿಸಿದವನಲ್ಲ. ಮೊಬೈಲಿನಲ್ಲಿ ಗುಡ್ಡ ಹತ್ತುವ ಗಾಡಿಗಳನ್ನು ನೋಡಿ ನೋಡಿ ಹುಚ್ಚು ಹಿಡಿಸಿಕೊಂಡಿದ್ದ. ಮದುವೆಯ ನಂತರದ ಮೊದಲ ದೀಪಾವಳಿಗೆ ಅಳಿಯನಿಗೆ ಏನು ಕೊಡಲಿ ಎಂದರೆ, ಅಂಥದೇ ಗಾಡಿ ಬೇಕೆಂದ.

ಅಂಗಡಿಗೆ ನಾನೂ ಹೋಗಿದ್ದೆ. ಕಾಕಾ ತಗ್ಗಿನ ಸೀಟಿನ ಹಗುರ ಗಾಡಿಯೊಂದನ್ನು ತೋರಿಸಿದರು. ಬಸವರಾಜ ಹೋಗಿ ಎಲ್ಲಕ್ಕಿಂತ ಎತ್ತರದ್ದರ ಮೇಲೆ ಕೂತ. ಕಾಲ್ಬೆರಳ ತುದಿ ಮಾತ್ರ ನೆಲ ಮುಟ್ಟುತ್ತಿತ್ತು.

"ಇದ ಇರ್ಲಿ ಮಾವಾರ."

ಅವನು ಇಳಿದ ಮೇಲೆ ಕಾಕಾ ಹ್ಯಾಂಡಲ್ ಹಿಡಿದರು. ಇನ್ನೇನು ಮಲಗಿಸುತ್ತಾರೆ ಎಂದುಕೊಂಡೆ. ನಿರ್ಮಲಾ ಪಕ್ಕಕ್ಕೆ ಬಂದು, "ಅಪ್ಪಾ, ಮಂದಿ ಮುಂದ ಬ್ಯಾಡ" ಎಂದು ಪಿಸುಗುಟ್ಟಿದಳು. ಬೀಗರೂ ಅಲ್ಲೇ ನಿಂತಿದ್ದರು. ಮನೆಗೆ ಬಂದರೆ ಕಾಲಿಗೆ ನೀರು ಕೊಟ್ಟು ಒಳಗೆ ಕರೆಯುವ ಅಳಿಯನನ್ನು ನಡುಬೀದಿಯಲ್ಲಿ ಕುಕ್ಕರಿಸಿ ತಿಣುಕಿಸುವುದು ಹೇಗೆ? ಕಾಕಾ ಕೈ ತೆಗೆದರು.

"ರೂಢಿ ಆಗತೈತಿ ಬಿಡ್ರಿ" ಎಂದರು. ಊರಿನ ಸಾಹುಕಾರನನ್ನೂ ಅವರು ಆ ಪರೀಕ್ಷೆಯಿಂದ ಬಿಟ್ಟಿರಲಿಲ್ಲ.

ಬೇಸಿಗೆಯಲ್ಲಿ ಮಾವನ ಮನೆಗೆ ಬಂದ ಬಸವರಾಜ ಒಂದು ಬೆಳಿಗ್ಗೆ ಒಬ್ಬನೇ ಗುಡ್ಡಕ್ಕೆ ಹೋದ. ಇಳಿಜಾರಿನಲ್ಲಿ ನಿಧಾನಕ್ಕೆ ಹೋಗುವಾಗಲೇ ಗಾಡಿ ವಾಲಿರಬೇಕು. ಊರಲು ಹೋದ ಕಾಲಿಗೆ ನೆಲ ಸಿಕ್ಕಿಲ್ಲ. ಗಾಡಿಗೂ ಬಂಡೆಗೂ ನಡುವೆ ಕಾಲು ಸಿಕ್ಕಿಕೊಂಡಿತು. ಮೊಬೈಲು ಜೇಬಿನಿಂದ ಹಾರಿ ಕೈಗೆ ನಿಲುಕದಷ್ಟು ದೂರ ಬಿದ್ದಿತ್ತು. ಸಂಜೆ ಆಡು ಕಾಯುವವರು ಕಂಡಾಗ ಜೀವ ಹೋಗಿತ್ತು.

ಹೆಣ ತಂದಾಗ ಕಾಲನ್ನು ನಾನೇ ಮುಟ್ಟಿ ನೋಡಿದೆ. ಮುರಿದಿರಲಿಲ್ಲ. ಕಾದ ಬಂಡೆಯ ಮೇಲೆ ಇಡೀ ಮಧ್ಯಾಹ್ನ, ಹನಿ ನೀರಿಲ್ಲದೆ, ಆ ಭಾರವನ್ನು ದಬ್ಬಿ ದಬ್ಬಿ ಸತ್ತಿದ್ದ. ಅಂಗೈ ಸುಲಿದು ಹೋಗಿತ್ತು. ನಿರ್ಮಲಾಗೆ ಹೇಳಲಿಲ್ಲ. ಕಾಕಾ ಕೇಳಿದರು, ಅವರಿಗೆ ಹೇಳಿದೆ. ಮರ್ಯಾದೆ ಎಂಬ ಮಾತು ಕಿವಿಗೆ ಬಿದ್ದರೆ ನನಗೆ ಈಗಲೂ ಮೈ ಉರಿಯುತ್ತದೆ.

ಬೀಗರು ಗಾಡಿ ಬೇಡವೆಂದರು. ಅದು ಕಾಕಾನ ಅಂಗಳಕ್ಕೆ ಬಂತು, ಅದರ ಹಿಂದೆ ನಿರ್ಮಲಾಳೂ ಬಂದಳು. ಮಾರಿಬಿಡಿ ಎಂದರೆ, "ಯಾರಿಗೆ ಮಾರ್ಲಿ? ಅವರ ಮನ್ಯಾಗೂ ಒಬ್ಬಾಕಿ ದಾರಿ ಕಾಯ್ತಿರ್ತಾಳ" ಎನ್ನುವರು. ದಿನಾ ಬೆಳಿಗ್ಗೆ ಅದನ್ನು ಮಲಗಿಸಿ, ಏದುಸಿರು ಬಿಡುತ್ತ ಎತ್ತಿ ನಿಲ್ಲಿಸುವರು. ಒಂದು ದಿನವೂ ಹತ್ತಲಿಲ್ಲ. ಮಗಳು ಅಂದು ಬೇಡವೆಂದದ್ದನ್ನು ಯಾರ ಮುಂದೆಯೂ ಬಾಯಿಬಿಡಲಿಲ್ಲ.

ಅವರು ತೀರಿಕೊಳ್ಳುವ ಮುಂಚೆ ಕೊನೆಯ ಸಲ ಕಂಡದ್ದೂ ಹಾಗೇ. ಗಾಡಿ ಮಲಗಿತ್ತು, ಕಾಕಾ ಅದಕ್ಕೆ ಬೆನ್ನು ಕೊಟ್ಟು ಕುಕ್ಕರಿಸಿದ್ದರು. ತೊಡೆ ಗಡಗಡ ನಡುಗುತ್ತಿದ್ದವು. ಗಾಡಿ ಏಳಲಿಲ್ಲ. ನಿರ್ಮಲಾ ಒಳಗಿಂದ ಬಂದು ಅಪ್ಪನ ರಟ್ಟೆ ಹಿಡಿದು ಕಟ್ಟೆಯ ಮೇಲೆ ಕೂರಿಸಿದಳು. ತಾನು ಬೆನ್ನು ಕೊಟ್ಟು ತಳ್ಳಿ ನೋಡಿದಳು, ಅವಳಿಂದಲೂ ಆಗಲಿಲ್ಲ. ನಾನೂ ಕೈಹಾಕಿದ ಮೇಲೆ ಎದ್ದಿತು. ಅವಳು ಸ್ಟ್ಯಾಂಡ್ ಹಾಕಿ ಒಳಗೆ ಹೋದಳು.

ಕಾಕಾ ಬಾಗಿಲ ಕಡೆ ನೋಡಿ ದನಿ ಇಳಿಸಿದರು.

"ಅಳಿಯಾರ ಕಡಿಂದ ಇದು ಏಳೂದಿಲ್ಲಂತ ಅವತ್ತ ಗೊತ್ತಿತ್ತವಾ ನನಗ. ನಿನ್ನ ನೋಡಿ ನಕ್ಕಿದ್ರಲ್ಲ, ಹಂಗ ಅವರಿಗೂ ನಗ್ತಾರಂತ ಸುಮ್ನಾದೆ."